ಒಂದು ಸೈಜು ದೊಡ್ಡದಿರಲಿ

ಆಲ್ದೂರಿನ ಬಸ್ ಸ್ಟ್ಯಾಂಡ್ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋದರೆ, ಗಮ್‌ಬೂಟುಗಳನ್ನು ತೋರಣದ ಹಾಗೆ ನೇತುಹಾಕಿದ ಒಂದು ಅಂಗಡಿ ಸಿಗುತ್ತದೆ. ಬೂಟು, ಕೊಡೆ, ರೇನ್‌ಕೋಟು, ಟಾರ್ಪಾಲು, ಕಾಫಿ ನರ್ಸರಿಯ ಮೇಲೆ ಕಟ್ಟುವ ಹಸಿರು ನೆರಳುಬಲೆ, ಹಣ್ಣು ಕೊಯ್ಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ, ಎಲ್ಲವೂ ಅಲ್ಲಿ ಉಂಟು. ಬೋರ್ಡಿನಲ್ಲಿ ಅಂಗಡಿಗೊಂದು ಅಂದವಾದ ಹೆಸರಿದೆ. ಅದನ್ನು ಓದಿದವರು ಯಾರೂ ಇಲ್ಲ. ಸುತ್ತಲಿನ ಎಸ್ಟೇಟಿನವರಿಗೆಲ್ಲ ಅದು ದೊಡ್ಡಸೈಜಮ್ಮನ ಅಂಗಡಿ.

ದೊಡ್ಡಸೈಜಮ್ಮ ಅಂದರೆ ಸಿದ್ದಗಂಗಮ್ಮ. ಆಳೇನೋ ಗಿಡ್ಡವೇ, ಮೇಲಿನ ಹಲಗೆಯಿಂದ ಕೊಡೆ ತೆಗೆಯಬೇಕಾದರೆ ಸ್ಟೂಲು ಹತ್ತಬೇಕು. ಹೆಸರು ಬಂದದ್ದು ಅವರ ಬಾಯಿಂದ. ಏಳನೇ ನಂಬರಿನ ಬೂಟು ಕೇಳಿದವರ ಕೈಗೆ ಎಂಟನೇ ನಂಬರು ಇಟ್ಟು, "ಒಂದು ಸೈಜು ದೊಡ್ಡದೇ ಇರ್ಲಿ. ಮಳೆಗಾಲದಲ್ಲಿ ಒಳಗೆ ದಪ್ಪ ಕಾಲುಚೀಲ ಹಾಕ್ಬೇಕಲ್ಲ, ಇಂಬಳ ಹತ್ತಿ ರಕ್ತ ಹೀರಬಾರ್ದು" ಅನ್ನುವುದು ಅವರ ಮಂತ್ರ. ಟಾರ್ಪಾಲು ಕೇಳಿದರೂ ಅದೇ ಮಾತು, ಕೊಡೆ ಕೇಳಿದರೂ ಅದೇ ಮಾತು. ಅವರು ಹೇಳಿದ್ದು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಹತ್ತು ಸಲ ಸರಿಯಾದ ಮಾತು ಹನ್ನೊಂದನೇ ಸಲವೂ ಸರಿಯಾದೀತು ಎಂದು ಯಾರಿಗೆ ತಾನೇ ಅನ್ನಿಸುವುದಿಲ್ಲ?

ಈ ಚಾಳಿ ಅಂಗಡಿಯಲ್ಲಿ ಹುಟ್ಟಿದ್ದಲ್ಲ. ಸಿದ್ದಗಂಗಮ್ಮನವರ ತವರು ಕಳಸ. ತಾಯಿ ತೀರಿಕೊಂಡಾಗ ಅವರಿನ್ನೂ ಜಡೆ ಹಾಕಿಕೊಳ್ಳಲು ಕಲಿಯುತ್ತಿದ್ದ ಹುಡುಗಿ. ಪೇಟೆಯಲ್ಲಿ ಸಣ್ಣ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅಪ್ಪನಿಗೆ ಊರಿನವರ ಅಳತೆಯೆಲ್ಲ ಗೊತ್ತು, ಮನೆಯ ಮಗಳ ಅಳತೆ ಮಾತ್ರ ಗೊತ್ತಾಗುತ್ತಿರಲಿಲ್ಲ. "ಬೆಳೆಯೋ ಹುಡುಗಿ" ಎಂದು ಎಲ್ಲವನ್ನೂ ದೊಡ್ಡದೇ ತರುತ್ತಿದ್ದರು. ಚಪ್ಪಲಿಯ ಮೂತಿಗೆ ಬಟ್ಟೆ ತುರುಕಿಕೊಂಡು, ಲಂಗವನ್ನು ಸೊಂಟದಲ್ಲಿ ಎರಡು ಸುತ್ತು ಮಡಚಿಕೊಂಡು ಬೆಳೆದ ಹುಡುಗಿಗೆ ಪ್ರೀತಿ ಅಂದರೆ ದೊಡ್ಡ ಸೈಜು ಎಂದೇ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮದುವೆಯಾಗಿ ಆಲ್ದೂರಿಗೆ ಬಂದರು. ಗಂಡ ಲಿಂಗಪ್ಪ ಕಾಫಿ, ಮೆಣಸು ಖರೀದಿ ಮಾಡುವವರು. ಮಗಳು ಸೌಜನ್ಯ ಹುಟ್ಟಿದಾಗ ಬಾಣಂತನಕ್ಕೆ ಕರೆದುಕೊಂಡು ಹೋಗಲು ಕಳಸದಲ್ಲಿ ತಾಯಿ ಇರಲಿಲ್ಲ. ಅಂಗಡಿಯ ಹಿಂದೆ ಟಾರ್ಪಾಲು ಪೇರಿಸಿದ ಕೋಣೆಯಲ್ಲಿ, ರಬ್ಬರಿನ ವಾಸನೆಯ ನಡುವೆ, ಅತ್ತೆ ಒಲ್ಲದ ಮನಸ್ಸಿನಿಂದ ತಂದಿಟ್ಟ ಸಾರು ಉಂಡು ಮಲಗಿದ್ದರು. ತವರಿಲ್ಲದ ಬಾಣಂತಿಯ ಸಂಕಟ ಅನುಭವಿಸಿದವರಿಗೇ ಗೊತ್ತು. ಮಗುವನ್ನು ಎದೆಗೆ ಒತ್ತಿಕೊಂಡು ಆಗಲೇ ನಿಶ್ಚಯ ಮಾಡಿದರು. ನನ್ನ ಮಗಳ ಬಾಣಂತನ ನಾನೇ ಮಾಡುತ್ತೇನೆ, ಒಳ್ಳೆ ಕೋಣೆಯಲ್ಲಿ ಮಾಡುತ್ತೇನೆ.

ಅಂಥ ದಿನ ಈಗ ಬಂದಿತ್ತು. ಸೌಜನ್ಯ ದಾವಣಗೆರೆಯಲ್ಲಿ ಕಾಲೇಜು ಮೇಷ್ಟ್ರಾಗಿರುವ ಶಶಿಕಿರಣನನ್ನು ಮದುವೆಯಾಗಿ ಬಸುರಿಯಾಗಿದ್ದಳು. ಏಳನೇ ತಿಂಗಳಿಗೆ ಸೀಮಂತವೂ ಆಯಿತು. ಸೀಮಂತ ಮುಗಿದ ಮೇಲೆ ಮಗಳು ತವರಿಗೆ ಬರುವುದು ಪದ್ಧತಿ, ಹೆರಿಗೆಗೆ ಚಿಕ್ಕಮಗಳೂರಿನ ಡಾಕ್ಟರಮ್ಮ ಎಂದೂ ಗೊತ್ತಾಗಿತ್ತು. ಸಿದ್ದಗಂಗಮ್ಮನವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳ್ಳುಳ್ಳಿ ಬಂತು, ತುಪ್ಪ ಬಂತು, ಸಾಂಬ್ರಾಣಿ ಬಂತು. ಅಂಗಡಿಯ ಮೇಲಿನ ಮನೆಯಲ್ಲಿ ಪಡುವಣ ಮೂಲೆಯ ಕೋಣೆಗೆ ಹೊಸ ಬಣ್ಣವೂ ಬಂತು. ಗಿರಾಕಿಗಳಿಗೆ ಕೊಡೆ ಬಿಚ್ಚಿ ತೋರಿಸುತ್ತಲೇ, "ಮಗಳು ಬರ್ತಾಳೆ" ಎನ್ನುತ್ತಿದ್ದರು.

ಹಾಗಿರುವಾಗ ಸೌಜನ್ಯಳ ಫೋನು ಬಂತು.

"ಅಮ್ಮ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೋದ ಏಪ್ರಿಲ್‌ನಲ್ಲಿ ಬಂದಾಗ ಆ ಕೋಣೆಯಲ್ಲಿ ನಂಗೆ ಕಣ್ಣು ಮುಚ್ಚೋಕೆ ಆಗ್ಲಿಲ್ಲ, ನೆನಪಿದ್ಯಾ? ಮೇಲೆ ತಾರಸಿ, ಪಕ್ಕದಲ್ಲಿ ಬಿಸಿಲು. ಈಗಂತೂ ನಂಗೆ ಕೂತಲ್ಲೇ ಬೆವರು. ಇಲ್ಲಿ ಏಸಿ ಇದೆ. ಅತ್ತೆ ಇಲ್ಲೇ ಬಾಣಂತನ ಮಾಡ್ತೀನಿ ಅಂತಿದಾರೆ."

ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆಲ್ದೂರು ಮೊದಲಿನ ಆಲ್ದೂರಲ್ಲ. ಬೇಸಿಗೆಯಲ್ಲೂ ರಗ್ಗು ಹೊದೆಯುತ್ತಿದ್ದ ಊರಿನಲ್ಲಿ ಈಗ ಮಾರ್ಚ್ ಬಂದರೆ ಫ್ಯಾನಿನ ಅಡಿಯಲ್ಲಿ ಜಾಗಕ್ಕೆ ಜಗಳ.

"ಏಸಿ ತಾನೆ? ಹಾಕಿಸ್ತೀನಿ. ನೀನು ಬಾ" ಎಂದರು, ಉಸಿರು ಕೂಡ ಬಿಡದೆ.

"ಬಂದು ಎರಡು ದಿನ ಇದ್ದು ನೋಡ್ತೀನಮ್ಮ. ನಿದ್ದೆ ಬಂದ್ರೆ ಇರ್ತೀನಿ. ಬರ್ಲಿಲ್ಲ ಅಂದ್ರೆ ವಾಪಸ್ ಹೋಗ್ತೀನಿ, ನೀನು ತಡೀಬಾರ್ದು."

ಫೋನಿಟ್ಟ ಮರುಕ್ಷಣವೇ ಸಿದ್ದಗಂಗಮ್ಮ ಗಂಡನ ಎದುರು ನಿಂತು, "ರೀ, ಏಸಿ ತರೋಣ. ಎರಡು ಟನ್ನಿಂದು" ಅಂದರು. ಎರಡು ಟನ್ ಎಂಬುದು ಅವರಿಗೆ ಹೇಗೆ ಗೊತ್ತಾಯಿತು ಅಂದರೆ, ಜಾವಳಿಯಲ್ಲಿ ಹೋಂಸ್ಟೇ ನಡೆಸುವ ವೀರೇಂದ್ರ ಅತಿಥಿಗಳಿಗೆಂದು ಬೂಟು ಕೊಳ್ಳಲು ಬಂದಾಗ, ಊಟದ ಹಾಲಿಗೆ ಎರಡು ಟನ್ನಿನ ಏಸಿ ಬರುತ್ತಿದೆ ಎಂದು ಹೇಳಿಕೊಂಡಿದ್ದ. ಬಾಣಂತಿ ಅವನ ಅತಿಥಿಗಳಿಗಿಂತ ಕಡಿಮೆಯೇ?

ಲಿಂಗಪ್ಪನವರು ಕನ್ನಡಕ ತೆಗೆದರು. ಟನ್ ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ಕಣ್ಣಿಗೆ ಕಾಣುವುದು ಲಾರಿ.

"ಎರಡು ಟನ್ ಅಂದ್ರೆ ನಲವತ್ತು ಮೂಟೆ ಕಾಫಿ ಚೆರ್ರಿ ಕಣೇ. ಅಷ್ಟನ್ನ ಗೋಡೆಗೆ ನೇತುಹಾಕಿದ್ರೆ ಗೋಡೆ ನಿಲ್ಲುತ್ತಾ? ಕೆಳಗೆ ಅಂಗಡಿ ಬೇರೆ ಇದೆ."

ಸಿದ್ದಗಂಗಮ್ಮನವರಿಗೂ ಒಂದು ಕ್ಷಣ ಅನುಮಾನ ಬಂತು. ಹೊಸ ಬಣ್ಣ ಹೊಡೆದ ಗೋಡೆಯನ್ನು ಇಬ್ಬರೂ ಹೋಗಿ ಗುದ್ದಿ ನೋಡಿದರು. ಕೊನೆಗೆ ರುದ್ರೇಶನನ್ನೇ ಕೇಳುವುದೆಂದಾಯಿತು. ರುದ್ರೇಶ ಲಿಂಗಪ್ಪನವರ ಅಕ್ಕನ ಮಗ, ಚಿಕ್ಕಮಗಳೂರಿನಲ್ಲಿ ಫ್ರಿಜ್ಜು, ಏಸಿ ಮಾರುವ ಅಂಗಡಿ ಇಟ್ಟವನು. ಮಾವ ಗಂಭೀರವಾಗಿ ಗೋಡೆಯ ದಪ್ಪ ಹೇಳುತ್ತಿದ್ದರೆ ಅವನು ಫೋನಿನ ಆ ಕಡೆ ನಕ್ಕು ನಕ್ಕು ಸುಸ್ತಾದ.

"ಮಾವ, ಅದು ತೂಕ ಅಲ್ಲ. ಹಿಂದೆ ಮಂಜುಗಡ್ಡೆ ಇಟ್ಟು ತಂಪು ಮಾಡ್ತಿದ್ರಲ್ಲ, ಆ ಕಾಲದ ಲೆಕ್ಕ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗೋವಾಗ ಎಷ್ಟು ಸೆಕೆ ಎಳ್ಕೊಳ್ಳುತ್ತೋ ಅಷ್ಟು ಸೆಕೆ ತೆಗೆಯೋ ಮಿಷನ್‌ಗೆ ಒಂದು ಟನ್ ಅಂತಾರೆ. ಮಿಷನ್ನಿನ ತೂಕ ಒಂದು ಮೂಟೆಯಷ್ಟೂ ಇರಲ್ಲ, ಗೋಡೆಗೆ ಏನೂ ಆಗಲ್ಲ."

ಲಿಂಗಪ್ಪನವರಿಗೆ ಸಮಾಧಾನವಾಯಿತು. ಸಿದ್ದಗಂಗಮ್ಮನವರಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ಆಸೆಯೇ ಹುಟ್ಟಿತು. ಎರಡು ಟನ್ ಮಂಜುಗಡ್ಡೆ! ಮಗಳ ತಲೆದೆಸೆಯಲ್ಲಿ ಮಂಜಿನ ಗುಡ್ಡವನ್ನೇ ತಂದಿಟ್ಟ ಹಾಗೆ.

ಮರುದಿನವೇ ಇಬ್ಬರೂ ಚಿಕ್ಕಮಗಳೂರಿನ ಬಸ್ಸು ಹತ್ತಿದರು. ರುದ್ರೇಶ ಅತ್ತೆಯನ್ನು ಕೂರಿಸಿ, ಕಾಫಿ ತರಿಸಿ, ಡಾಕ್ಟರು ರೋಗಿಯನ್ನು ಕೇಳುವ ಹಾಗೆ ಕೋಣೆಯ ಸಮಾಚಾರ ಕೇಳಿದ. ಉದ್ದ ಅಗಲ ಎಷ್ಟು, ಮೇಲೆ ಇನ್ನೊಂದು ಮನೆ ಇದೆಯೋ ಬರೀ ತಾರಸಿಯೋ, ಕಿಟಕಿ ಯಾವ ದಿಕ್ಕಿಗೆ, ಮಲಗುವವರು ಎಷ್ಟು ಜನ, ಬಾಗಿಲಿನ ಕೆಳಗೆ ಸಂದಿ ಇದೆಯೋ. ಹತ್ತಕ್ಕೆ ಹನ್ನೆರಡರ ಕೋಣೆ, ಮೇಲೆ ತಾರಸಿ, ಕಿಟಕಿ ಪಡುವಣಕ್ಕೆ ಎಂದು ಸಿದ್ದಗಂಗಮ್ಮ ಹೇಳಿದರು.

"ಅಷ್ಟು ಸಣ್ಣ ಕೋಣೆಗೆ ಒಂದು ಟನ್ನೇ ಧಾರಾಳ ಅತ್ತೆ. ಬಿಸಿಲಿನ ಕಡೆಯ ಕೋಣೆ ಅಂತ ಸ್ವಲ್ಪ ಹೆಚ್ಚಿಗೆ ಲೆಕ್ಕ ಹಾಕಿದ್ರೂ ಅದೇ ಬರುತ್ತೆ. ಇದು ನೋಡಿ, ಐದು ಸ್ಟಾರು, ಇನ್ವರ್ಟರು. ಕೋಣೆಗೆ ಎಷ್ಟು ಬೇಕೋ ಅಷ್ಟೇ ಓಡುತ್ತೆ, ಕರೆಂಟೂ ಕಡಿಮೆ."

ಆದರೆ ಸಿದ್ದಗಂಗಮ್ಮನವರ ಕಣ್ಣು ಆಗಲೇ ಮೂಲೆಯಲ್ಲಿದ್ದ ದೊಡ್ಡ ಡಬ್ಬಿಯ ಮೇಲೆ ಬಿದ್ದಿತ್ತು. "ಅದೆಷ್ಟು ಟನ್ನು?"

"ಅದು ಎರಡು. ವೀರೇಂದ್ರ ಅವ್ರು ಹಾಲಿಗೆ ಅಂತ ಹೇಳಿಟ್ಟಿದ್ದು. ಈ ಸೆಕೆಗೆ ಎರಡು ಟನ್ನಿಂದು ಎಲ್ಲಾ ಖಾಲಿ, ಇರೋದು ಅದೊಂದೇ."

"ನಂಗೆ ಅದೇ ಬೇಕು."

"ಅತ್ತೆ, ಅದು ಹೆಚ್ಚಾಗುತ್ತೆ."

"ಹೆಚ್ಚಾದ್ರೆ ಏನಪ್ಪ? ಅನ್ನ ಹೆಚ್ಚಾದ್ರೆ ಮುಚ್ಚಿಡ್ತೀವಿ, ತಂಪು ಹೆಚ್ಚಾದ್ರೆ ಕಡಿಮೆ ಮಾಡ್ಕೋತೀವಿ. ಕಡಿಮೆಯಾದ್ರೆ ಎಲ್ಲಿಂದ ತರ್ಲಿ? ಒಂದು ಸೈಜು ದೊಡ್ಡದೇ ಇರ್ಲಿ."

ರುದ್ರೇಶ ಬಗೆಬಗೆಯಾಗಿ ಹೇಳಿದ. ದೊಡ್ಡದು ಪಕ್ಕನೆ ತಂಪು ಮಾಡಿ ಪಕ್ಕನೆ ನಿಲ್ಲುತ್ತದೆ, ಕರೆಂಟು ಜಾಸ್ತಿ ತಿನ್ನುತ್ತದೆ ಎಂದ. ಸಿದ್ದಗಂಗಮ್ಮ ಎಲ್ಲದಕ್ಕೂ ತಲೆಯಾಡಿಸಿ, ಎದ್ದು ಹೋಗಿ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅದರ ಮೇಲೆ ವೀರೇಂದ್ರನ ಹೆಸರು ಬರೆದ ಚೀಟಿ ಅಂಟಿಸಿತ್ತು, ಅವರ ಅಂಗೈ ಸರಿಯಾಗಿ ಅದರ ಮೇಲೆಯೇ ಕೂತಿತು. "ಸೌಜನ್ಯಂಗೆ ಕಣೋ" ಅಂದರು. ರುದ್ರೇಶ ಬಿಲ್ಲಿನ ಪುಸ್ತಕ ತೆಗೆದ. ಗಿರಾಕಿಯನ್ನು ಎದುರು ಹಾಕಿಕೊಳ್ಳಬಹುದು, ಸೋದರತ್ತೆಯನ್ನು ಯಾರು ಎದುರು ಹಾಕಿಕೊಳ್ಳುತ್ತಾರೆ? ವೀರೇಂದ್ರನಿಗೆ ಇನ್ನೊಂದು ತರಿಸಿಕೊಡುವುದಾಗಿ ಫೋನು ಮಾಡಿ ಬೈಸಿಕೊಂಡ.

ಏಸಿ ಕೂರಿಸಿದ ದಿನ ಆಲ್ದೂರಿನ ಆ ಬೀದಿಯಲ್ಲಿ ಅರ್ಧ ಹಬ್ಬ. ಪಕ್ಕದ ಬೇಕರಿಯವರು ಬಂದರು, ಎದುರಿನ ಔಷಧದ ಅಂಗಡಿಯವರು ಬಂದರು. ಮಲೆನಾಡಿನಲ್ಲಿ ಏಸಿಯೇ ಎಂದು ನಗಲು ಬಂದವರೂ ಒಳಗೆ ಬಂದು ಬಾಗಿಲು ಹಾಕಿಕೊಂಡು ಕೂತರು. ಸಿದ್ದಗಂಗಮ್ಮ ಅರಿಶಿನ ಕುಂಕುಮ ಹಚ್ಚಿ ರಿಮೋಟು ಒತ್ತಿದರು. ಕಾಫಿ ಲೋಟ ಕೈಯಿಂದ ಕೈಗೆ ಹೋಗುವುದರೊಳಗೆ ಕೋಣೆ ತಣ್ಣಗಾಗಿ, ಬೇಕರಿಯವರು ಕೈ ಉಜ್ಜಿಕೊಂಡರು, ಲಿಂಗಪ್ಪನವರು ಹೋಗಿ ಮಂಕಿ ಕ್ಯಾಪು ಹಾಕಿಕೊಂಡು ಬಂದರು.

"ನೋಡಿದ್ರಾ?" ಎಂದು ಸಿದ್ದಗಂಗಮ್ಮ ಸುತ್ತ ನೋಡಿದರು. ಅವರ ಮುಖದಲ್ಲಿ ಅಂಥ ಗೆಲುವನ್ನು ಬೀದಿಯವರು ಮಗಳ ಮದುವೆಯ ದಿನವೂ ಕಂಡಿರಲಿಲ್ಲ.

ಆ ಸಂಭ್ರಮದಲ್ಲಿ ಒಂದೇ ಒಂದು ಅಪಸ್ವರವಿತ್ತು, ಅದೂ ದಾವಣಗೆರೆಯಿಂದ ಬಂದದ್ದು. ಬೀಗಿತ್ತಿ ಫೋನಿನಲ್ಲಿ, "ನಮ್ಮಲ್ಲಿ ಏಸಿ ಇದ್ರೂ ಬಾಣಂತಿಗೆ ಹದವಾಗಿ ಹಾಕ್ತೀವಿ. ನೀವು ಹೊಸಬರು, ಶೀತ ಮಾಡಿಸೀರಿ ಜೋಕೆ" ಎಂದಿದ್ದರು. ಸಿದ್ದಗಂಗಮ್ಮನವರಿಗೆ ಆ 'ಹೊಸಬರು' ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಚಿಕ್ಕಮಗಳೂರಿನ ಡಾಕ್ಟರಮ್ಮನನ್ನೇ ಕೇಳಿದರು. ಗಾಳಿ ನೇರ ಮೈಮೇಲೆ ಬೀಳದಿದ್ದರೆ, ಕೋಣೆ ತೀರ ತಣ್ಣಗಾಗದಿದ್ದರೆ ತಾಯಿಗೂ ಮಗುವಿಗೂ ತೊಂದರೆ ಇಲ್ಲ ಎಂದರು ಡಾಕ್ಟರಮ್ಮ. ಸಿದ್ದಗಂಗಮ್ಮ ಅದರಲ್ಲಿ 'ತೊಂದರೆ ಇಲ್ಲ' ಎಂಬಷ್ಟನ್ನು ಕೇಳಿಸಿಕೊಂಡು ಬಂದರು.

ಸೌಜನ್ಯ ಬಂದಳು. ಹೊಟ್ಟೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದವಳು ಕೋಣೆಯ ಬಾಗಿಲು ತೆಗೆದದ್ದೇ, "ಅಬ್ಬ, ಅಮ್ಮ" ಎಂದು ಹಾಸಿಗೆಯ ಮೇಲೆ ಕುಳಿತಳು. ಸಿದ್ದಗಂಗಮ್ಮನವರಿಗೆ ಅಷ್ಟೇ ಸಾಕಾಗಿತ್ತು. ಅವತ್ತು ಸಂಜೆ ಮಳೆ ಹನಿದು ಹೋಯಿತು, ಕಾಫಿಯವರೆಲ್ಲ ಗಿಡ ಹೂಬಿಡಲೆಂದು ಕಾಯುತ್ತಿದ್ದ ಏಪ್ರಿಲ್ ಮಳೆ. ಬೀದಿಯಲ್ಲಿ ಎಲ್ಲರ ಮುಖದಲ್ಲೂ ನಗು. ಮಗಳಿಗೆ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿ, ಹೊದಿಸಿ, ರಿಮೋಟನ್ನು ತಲೆದಿಂಬಿನ ಪಕ್ಕ ಇಟ್ಟು ಹೋಗಿ ಮಲಗಿದರು.

ಬೆಳಿಗ್ಗೆ ಹೋಗಿ ನೋಡಿದರೆ ಸೌಜನ್ಯ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಕಣ್ಣು ಕೆಂಪಗೆ ಊದಿಕೊಂಡಿತ್ತು.

"ನಿದ್ದೆ ಬರ್ಲಿಲ್ವಾ?"

"ಇಲ್ಲಮ್ಮ. ಹಾಕಿದ್ರೆ ಹಲ್ಲು ಕಡಿಯೋ ಚಳಿ. ಕಡಿಮೆ ಮಾಡಿದ್ರೆ ಟಕ್ ಅಂತ ನಿಂತುಬಿಡುತ್ತೆ. ನಿಂತ ತಕ್ಷಣ ಮೈಯೆಲ್ಲಾ ಅಂಟಂಟು, ಹಾಸಿಗೆ ಮುಟ್ಟಿದ್ರೆ ತೇವ ತೇವ. ಮತ್ತೆ ಗುಡುಗುಡು ಅಂತ ಶುರುವಾಗುತ್ತೆ, ಲೈಟೆಲ್ಲ ಮಂಕಾಗುತ್ತೆ, ಎಚ್ಚರಾಗುತ್ತೆ. ರಾತ್ರಿಯೆಲ್ಲ ರಗ್ಗು ಹೊದೆಯೋದು, ರಗ್ಗು ಒದೆಯೋದು, ಅದೇ ಆಯ್ತು."

ಎರಡನೆಯ ದಿನವೂ ಹಾಗೇ ಆಯಿತು. ಸ್ನಾನದ ಟವೆಲನ್ನು ಕೋಣೆಯೊಳಗೆ ಹರವಿದ್ದು ಬೆಳಗಾದರೂ ಒಣಗಿರಲಿಲ್ಲ. ಸೌಜನ್ಯ ಅಮ್ಮನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ನೀನು ಎಷ್ಟು ಆಸೆಯಿಂದ ಮಾಡಿದ್ದೀಯ ಅಂತ ಗೊತ್ತಮ್ಮ. ಆದ್ರೆ ನಂಗೆ ಆಗ್ತಿಲ್ಲ. ನಾಳೆ ಅವರು ಕಾರು ತಗೊಂಡು ಬರ್ತಾರೆ."

ಸಿದ್ದಗಂಗಮ್ಮ ಕೆಳಗಿಳಿದು ಬಂದು ಅಂಗಡಿಯ ಶೆಟರ್ ಎತ್ತಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದನ್ನೇ. ಇಷ್ಟು ದೊಡ್ಡದು ತಂದೂ ಸಾಲದೇ ಹೋಯಿತೇ? ಇನ್ನೂ ದೊಡ್ಡದು ಬೇಕಿತ್ತೇ? ಹೌದು ಮಾರಾಯರೇ, ಆ ಗಳಿಗೆಯಲ್ಲೂ ಅವರ ತಲೆಯಲ್ಲಿ ಓಡಿದ್ದು ಅದೇ.

ಆಗ ಪ್ರೇಮಲತಾ ಬಂದಳು. ಹತ್ತಿರದ ಎಸ್ಟೇಟಿನಲ್ಲಿ ಕೆಲಸ ಮಾಡುವವಳು, ಹಳೆಯ ಗಿರಾಕಿ. ಕೈಯಲ್ಲಿ ಒಂದು ಜೊತೆ ಬೂಟು, ಒಂದರ ತುಂಬ ಒಣಗಿದ ಕೆಸರು.

"ಅಮ್ಮಾವ್ರೆ, ಇದನ್ನ ಬದಲಾಯಿಸಿಕೊಡಿ. ನಿನ್ನೆ ತೋಡು ದಾಟೋವಾಗ ಬೂಟು ಕೆಸರಲ್ಲೇ ಉಳೀತು, ಕಾಲು ಮಾತ್ರ ಮೇಲೆ ಬಂತು. ಮೇಸ್ತ್ರಿ, ಆಳುಗಳು ಎಲ್ಲಾ ಬಿದ್ದು ಬಿದ್ದು ನಕ್ರು."

"ದಪ್ಪ ಕಾಲುಚೀಲ ಹಾಕ್ಲಿಲ್ವೇನೆ?"

"ಎರಡು ಜೊತೆ ಹಾಕಿದೀನಿ. ಮೂತಿಗೆ ಪೇಪರೂ ತುರುಕಿದೀನಿ. ನಿಮ್ಮ ಬೂಟು ತುಂಬಿಸೋಕೆ ನಮ್ಮ ಮನೇಲಿ ಇನ್ನೇನೂ ಉಳಿದಿಲ್ಲ."

ಬೇರೆ ದಿನವಾಗಿದ್ದರೆ ಸಿದ್ದಗಂಗಮ್ಮ ಇದಕ್ಕೂ ಒಂದು ಉತ್ತರ ಹುಡುಕುತ್ತಿದ್ದರು. ಇವತ್ತು ಆ ಬೂಟಿನ ಮೂತಿಗೆ ಕೈ ಹಾಕಿ, ಮುದ್ದೆಯಾದ ಪೇಪರನ್ನು ಹೊರಗೆಳೆದರು. ಕಳಸದ ಚಪ್ಪಲಿ, ಅದರೊಳಗೆ ತುರುಕಿದ ಬಟ್ಟೆ, ನಡೆಯುವಾಗ ಹಿಂದೆ ಪಟಪಟ ಬಡಿಯುತ್ತಿದ್ದ ಸದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಆ ಚಪ್ಪಲಿಯಲ್ಲಿ ಅವರಿಗೆ ಒಂದು ದಿನವೂ ಓಡಲು ಆಗಿರಲಿಲ್ಲ. ರುದ್ರೇಶ ಹೇಳಿದ್ದ 'ಹೆಚ್ಚಾಗುತ್ತೆ' ಎಂಬ ಮಾತು ಈಗ ಕಿವಿಗೆ ಬಿತ್ತು.

"ನಿನ್ನ ನಂಬರು ಎಷ್ಟೇ ಪ್ರೇಮ?" ಎಂದರು.

"ಐದು."

ಐದನೇ ನಂಬರಿನ ಬೂಟು ತೆಗೆದು ಅವಳ ಮುಂದಿಟ್ಟು, ಶೆಟರ್ ಅರ್ಧ ಇಳಿಸಿ, ಗಂಡನಿಗೆ ಕೂಗಿ ಹೇಳಿ ಚಿಕ್ಕಮಗಳೂರಿನ ಬಸ್ಸಿಗೆ ಓಡಿದರು. ಪ್ರೇಮಲತಾ ಹೊಸ ಬೂಟಿನಲ್ಲಿ ಕಾಲಿಟ್ಟುಕೊಂಡು, ಇವರಿಗೆ ಏನಾಯಿತು ಎಂದು ನೋಡುತ್ತ ನಿಂತಳು.

ರುದ್ರೇಶನ ಅಂಗಡಿಯಲ್ಲಿ ಸಿದ್ದಗಂಗಮ್ಮ ಕೂರಲೂ ಇಲ್ಲ. "ನೀನು ಹೇಳಿದ್ದು ಕೇಳ್ಲಿಲ್ಲ ಕಣೋ. ಮಗಳು ನಾಳೆ ಹೋಗ್ತೀನಿ ಅಂತಿದಾಳೆ. ಏನಾದ್ರೂ ಮಾಡು" ಅಂದರು. ರುದ್ರೇಶ 'ನಾನು ಹೇಳಿರ್ಲಿಲ್ವಾ' ಎಂಬ ಮಾತನ್ನು ನುಂಗಿಕೊಂಡ. ಒಳ್ಳೆಯ ಹುಡುಗ. ಒಂದು ಟನ್ನಿನ ಡಬ್ಬಿಯನ್ನು ವ್ಯಾನಿಗೆ ಏರಿಸಿ, ಕೆಲಸದವನನ್ನು ಹಿಂದೆ ಕೂರಿಸಿ, ಅತ್ತೆಯನ್ನು ಮುಂದೆ ಕೂರಿಸಿಕೊಂಡು ಹೊರಟೇಬಿಟ್ಟ. ದಾರಿಯಲ್ಲಿಯೇ ವೀರೇಂದ್ರನಿಗೆ ಫೋನು ಮಾಡಿ, ಆ ಎರಡು ಟನ್ನಿನದನ್ನೇ ಕೊಡುವುದಾಗಿ ಹೇಳಿದ. ಊಟದ ಹಾಲಿನಲ್ಲಿ ಅತಿಥಿಗಳು ಬೀಸಣಿಗೆ ಕೇಳುತ್ತಿದ್ದುದರಿಂದ ವೀರೇಂದ್ರ ಬಹಳ ಮಾತಾಡದೆ ಜೀಪು ಕಳಿಸುತ್ತೇನೆ ಎಂದ.

ಆಲ್ದೂರಿಗೆ ಬಂದ ಮೇಲೆ ರುದ್ರೇಶ ಮೊದಲು ನೋಡಿದ್ದು ಏಸಿಯನ್ನಲ್ಲ. ಹಿತ್ತಲಿಗೆ ಹೋಗಿ, ಏಸಿಯ ನೀರು ಬೀಳುವ ಪೈಪಿನ ಕೆಳಗೆ ಇಟ್ಟಿದ್ದ ಬಕೆಟನ್ನು ನೋಡಿದ. ತಳದಲ್ಲಿ ಒಂದಿಷ್ಟು ನೀರು ಮಾತ್ರ ಇತ್ತು.

"ನೋಡಿ ಅತ್ತೆ, ಎರಡು ರಾತ್ರಿಗೆ ಇಷ್ಟೇ. ಸೆಕೆ ಅಂದ್ರೆ ಬರೀ ಬಿಸಿ ಅಲ್ಲ, ಗಾಳಿಯಲ್ಲಿರೋ ತೇವನೂ ಸೇರಿ ಸೆಕೆ. ಏಸಿ ಆ ತೇವನ ನೀರು ಮಾಡಿ ಹೊರಗೆ ಹಾಕ್ಬೇಕು. ಅದಕ್ಕೆ ಸಾವಕಾಶವಾಗಿ ತುಂಬಾ ಹೊತ್ತು ಓಡ್ಬೇಕು. ಈ ದೊಡ್ಡದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಒಂದೇ ಏಟಿಗೆ ಗಾಳಿ ತಣ್ಣಗೆ ಮಾಡಿ ನಿಂತ್ಕೊಂಡುಬಿಡುತ್ತೆ. ತೇವ ಕೋಣೆಯಲ್ಲೇ ಉಳಿಯುತ್ತೆ."

ಲಿಂಗಪ್ಪನವರೂ ಬಕೆಟಿಗೆ ಬಗ್ಗಿ ನೋಡಿದರು. ಈಗ ಅವರ ಮುಖ ಅರಳಿತು.

"ಪಾರ್ಚ್‌ಮೆಂಟ್ ಕಣೋ ಇದು! ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜಾನ ಹೊಸಬರು ಕಣದಲ್ಲಿ ಸುಡುಬಿಸಿಲಿಗೆ ಹಾಕಿ ಗಡಿಬಿಡಿಯಲ್ಲಿ ಒಣಗಿಸಿ ತರ್ತಾರೆ. ಮುಟ್ಟಿದ್ರೆ ಗರಿಗರಿ, ಹಲ್ಲಲ್ಲಿ ಕಚ್ಚಿದ್ರೆ ಒಳಗೆ ಹಸಿ. ನಿಧಾನಕ್ಕೆ ಕೈಯಾಡಿಸ್ತಾ ಒಣಗಿಸಿದ್ದೇ ನಿಲ್ಲೋದು."

"ಅದೇ ಮಾವ. ಇಷ್ಟು ಚೆನ್ನಾಗಿ ನಂಗೂ ಹೇಳೋಕೆ ಬರ್ತಿರ್ಲಿಲ್ಲ."

ಜೀವನದಲ್ಲಿ ಮೊದಲ ಸಲ ಟನ್ನಿನ ವಿಷಯದಲ್ಲಿ ಗೆದ್ದ ಲಿಂಗಪ್ಪನವರು ಹೆಂಡತಿಯ ಕಡೆ ನೋಡಿದರು. ಸಿದ್ದಗಂಗಮ್ಮ ನೋಡದವರ ಹಾಗೆ ನಿಂತರು.

ರುದ್ರೇಶ ಆಮೇಲೆ ತಾರಸಿಗೆ ಹೋದ. ಕಾಲಿಟ್ಟವನು ಕುಣಿದುಕೊಂಡು ವಾಪಸು ಬಂದ, ಸಿಮೆಂಟು ಕಾವಲಿಯ ಹಾಗೆ ಕಾದಿತ್ತು. "ಒಂದು ಟನ್ನಿಗೆ ಅದರ ಕೆಲಸ ನೀವು ಸ್ವಲ್ಪ ಹಗುರ ಮಾಡಿಕೊಡ್ಬೇಕು ಅತ್ತೆ. ಈ ಬಿಸಿಲು ಕೋಣೆಗೆ ಇಳಿಯೋಕೆ ಮುಂಚೆನೇ ತಡೀಬೇಕು. ಇಲ್ಲಿ ಏನಾದ್ರೂ ನೆರಳು—"

ಅವನು ಮಾತು ಮುಗಿಸಲೇ ಇಲ್ಲ. ಸಿದ್ದಗಂಗಮ್ಮ ಆಗಲೇ ಮೆಟ್ಟಿಲು ಇಳಿದಿದ್ದರು. ನೆರಳು! ಅವರ ಅಂಗಡಿಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದು ಅದೇ ಅಲ್ಲವೇ? ಕಾಫಿಯ ಎಳೆ ಸಸಿ ಬಾಡಬಾರದು ಎಂದು ಸೀಮೆಗೆಲ್ಲ ನೆರಳುಬಲೆ ಮಾರಿದವರಿಗೆ, ತಮ್ಮ ಮಗಳ ತಲೆಯ ಮೇಲೆ ಒಂದು ಮೊಳ ಕಟ್ಟಬೇಕೆಂದು ಇಷ್ಟು ದಿನ ಹೊಳೆದಿರಲಿಲ್ಲ. ತಮ್ಮ ಹಣೆಯನ್ನು ತಾವೇ ಚಚ್ಚಿಕೊಂಡರು. ಹಸಿರು ಬಲೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮೇಲೆ ಬಂದರು.

ಆ ಮಧ್ಯಾಹ್ನ ಮನೆ ಜೇನುಗೂಡಾಯಿತು. ಕೆಳಗೆ ವೀರೇಂದ್ರನ ಜೀಪು ಬಂದು ಎರಡು ಟನ್ನನ್ನು ಹೊತ್ತುಕೊಂಡು ಹೋಯಿತು, ಒಳಗೆ ಒಂದು ಟನ್ ಗೋಡೆಗೆ ಏರಿತು, ಮೇಲೆ ಗಂಡ ಹೆಂಡತಿ ಬಿದಿರಿನ ಗೂಟಗಳಿಗೆ ನೆರಳುಬಲೆ ಕಟ್ಟಿದರು. ತಾರಸಿಗೂ ಬಲೆಗೂ ನಡುವೆ ಗಾಳಿಯಾಡಲು ಜಾಗ ಇರಲಿ ಎಂದು ರುದ್ರೇಶ ಕೂಗಿ ಹೇಳಿದ. ಪಡುವಣ ಕಿಟಕಿಯ ಹೊರಗೂ ಒಂದು ತುಂಡು ಇಳಿಬಿಟ್ಟರು. ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಗಮ್‌ಬೂಟಿನ ರಬ್ಬರು ಕತ್ತರಿಸಿ ಹೊಡೆದರು. ಸೌಜನ್ಯ ಹಜಾರದಲ್ಲಿ ಫ್ಯಾನಿನ ಕೆಳಗೆ ಕೂತು ಈ ಗದ್ದಲವನ್ನು ನೋಡುತ್ತಿದ್ದಳು. ಮೈಯೆಲ್ಲ ಬೆವರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುತ್ತಿಗೆ ಹಿಡಿದು ಓಡಾಡುತ್ತಿದ್ದ ಅಮ್ಮನನ್ನು ನೋಡಿ ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಅಮ್ಮ, ಸಾಕು, ಕೂತ್ಕೋ."

"ನೀನು ಸುಮ್ನಿರು. ಇವತ್ತು ಒಂದು ರಾತ್ರಿ ನಂಗೆ ಕೊಡು. ಬೆಳಿಗ್ಗೆ ನೀನು ಹೇಳಿದ ಹಾಗೆ."

ರುದ್ರೇಶ ಹೋಗುವ ಮೊದಲು ರಿಮೋಟನ್ನು ಇಪ್ಪತ್ತಾರಕ್ಕೆ ಇಟ್ಟು, ಗಾಳಿಯ ಮುಖವನ್ನು ಮೇಲಕ್ಕೆ ತಿರುಗಿಸಿ, ಫ್ಯಾನನ್ನು ಮೆಲ್ಲಗೆ ಬಿಟ್ಟ. ಕೋಣೆ ಈ ಸಲ ಪಕ್ಕನೆ ತಣ್ಣಗಾಗಲಿಲ್ಲ. ಸಿದ್ದಗಂಗಮ್ಮನವರಿಗೆ ತಡೆಯದು, ಐದೈದು ನಿಮಿಷಕ್ಕೆ ಬಾಗಿಲು ತೆಗೆದು ಕೈ ಚಾಚಿ ನೋಡಿದರು. "ಅಮ್ಮ, ಬಾಗಿಲು ಹಾಕು, ನೀನೇ ತಂಪನ್ನ ಹೊರಗೆ ಬಿಡ್ತಿದೀಯ" ಎಂದು ಸೌಜನ್ಯ ಬೈದ ಮೇಲೆ ಅಡುಗೆಮನೆಗೆ ಹೋದರು. ಬದಲಾವಣೆ ಯಾವಾಗ ಆಯಿತೋ ಯಾರಿಗೂ ತಿಳಿಯಲಿಲ್ಲ. ಊಟ ಮುಗಿಸಿ ಹಾಸಿಗೆ ಸರಿ ಮಾಡಲು ಹೋದಾಗ ಕೋಣೆ ಒಣಗಿತ್ತು, ಹಿತವಾಗಿತ್ತು, ಸದ್ದೂ ಇರಲಿಲ್ಲ. ಏಸಿ ಓಡುತ್ತಿದೆಯೋ ಇಲ್ಲವೋ ಎಂದು ಲಿಂಗಪ್ಪನವರು ಅದರ ಕೆಳಗೆ ನಿಂತು ಕಿವಿ ಕೊಟ್ಟರು.

ಮರುದಿನ ಬೆಳಗಾಗುತ್ತಲೇ ಸಿದ್ದಗಂಗಮ್ಮ ಮಗಳ ಬಾಗಿಲಿಗೆ ಹೋಗಲಿಲ್ಲ. ಹೋಗಲು ಭಯವಾಯಿತು. ನೇರ ಹಿತ್ತಲಿಗೆ ಹೋದರು. ಪೈಪಿನ ಕೆಳಗಿನ ಬಕೆಟು ಮುಕ್ಕಾಲು ತುಂಬಿ, ಇನ್ನೂ ತೊಟ್ಟಿಕ್ಕುತ್ತಿತ್ತು. ಆ ನೀರನ್ನು ನೋಡುತ್ತ ನಿಂತವರಿಗೆ ಸಂತೋಷ ತಡೆಯದೆ ಕಣ್ಣಲ್ಲೂ ನೀರು ಬಂತು. ಬಕೆಟನ್ನು ದಾಸವಾಳದ ಬುಡಕ್ಕೆ ಸುರಿದು, ಮೇಲೆ ಹೋಗಿ, ಕೋಣೆಯ ಹೊರಗೆ ಸ್ಟೂಲು ಹಾಕಿಕೊಂಡು ಕೂತರು. ಹಾಲಿನವನು ಬಂದ, ಪೇಪರಿನವನು ಬಂದ, ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಬಿಸಿಲು ಏರಿತು. ಒಳಗಿನಿಂದ ಸದ್ದೇ ಇಲ್ಲ. ಕೊನೆಗೆ ದಾವಣಗೆರೆಯಿಂದ ಕಾರಿನಲ್ಲಿ ಬಂದ ಶಶಿಕಿರಣ ಮೆಟ್ಟಿಲು ಹತ್ತಿ ಬಂದಾಗ, ಅಳಿಯನನ್ನೂ ಅದೇ ಬೆರಳಿನಿಂದ ನಿಲ್ಲಿಸಿದರು.

"ಮಲಗಿದಾಳೆ" ಎಂದು ಪಿಸುಗುಟ್ಟಿದರು. "ಇನ್ನೂ ಮಲಗಿದಾಳೆ."

ಸೌಜನ್ಯ ಎದ್ದು ಬಂದಾಗ ಗಂಡ ಹಜಾರದಲ್ಲಿ ಎರಡನೆಯ ಕಾಫಿ ಕುಡಿಯುತ್ತಿದ್ದ. ಅವಳ ಕೆನ್ನೆಯ ಮೇಲೆ ದಿಂಬಿನ ಗೆರೆ ಇತ್ತು. ಒಣಗಿದ ಟವೆಲನ್ನು ಹೆಗಲಿಗೆ ಹಾಕಿಕೊಂಡಿದ್ದಳು. "ನೀವು ಬಂದಿದ್ದು ಒಳ್ಳೇದಾಯ್ತು" ಎಂದಳು ಗಂಡನಿಗೆ. "ಅಮ್ಮ ಅಲ್ಲಿಗೆ ಬೆಳ್ಳುಳ್ಳಿ ಚಟ್ನಿಪುಡಿ ಕೊಡ್ತಾರೆ, ತಗೊಂಡು ಹೋಗಿ. ನಾನು ಇಲ್ಲೇ ಇರ್ತೀನಿ."

ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ಬಾಣಂತನ ಹೇಗೆ ನಡೆಯಿತು ಎಂದು ಕೇಳಬೇಡಿ, ಬೀಗಿತ್ತಿಯೇ ಬಂದು ಒಂದು ವಾರ ಇದ್ದು, ಆ ಕೋಣೆಯಿಂದ ಹೊರಡಲು ಮನಸ್ಸಿಲ್ಲದೆ ಹೊರಟರು. ಹೊರಡುವಾಗ ತಮ್ಮ ತಾರಸಿಗೂ ನೆರಳುಬಲೆ ಕೊಂಡುಕೊಂಡರು. ಸಿದ್ದಗಂಗಮ್ಮ ಉದ್ದ ಅಗಲ ಕೇಳಿ, ಅಷ್ಟೇ ಅಳೆದು ಕತ್ತರಿಸಿ ಕೊಟ್ಟರು. ಅಂಗಡಿಯಲ್ಲಿ ಈಗ ಬೂಟು ಕೇಳಿದವರಿಗೆ ಮೊದಲು ಕಾಲಿಟ್ಟು ನೋಡಿ ಎನ್ನುತ್ತಾರೆ. ಊರಿನವರು ಹೆಸರು ಬದಲಾಯಿಸಿಲ್ಲ, ಅಷ್ಟು ಬೇಗ ಬದಲಾಯಿಸುವವರೂ ಅಲ್ಲ.

ಮಳೆಗಾಲ ಹತ್ತಿರ ಬಂದಾಗ ಸಿದ್ದಗಂಗಮ್ಮ ಪೇಟೆಗೆ ಹೋಗಿ ಮೊಮ್ಮಗಳಿಗೆ ಕೆಂಪು ಉಲ್ಲನ್ ಸ್ವೆಟರು ತಂದರು. ಸೌಜನ್ಯ ಅದನ್ನು ಬಿಡಿಸಿ ಮಗುವಿನ ಮೇಲೆ ಇಟ್ಟು ನೋಡಿದಳು. ತೋಳು ಮಗುವಿನ ಕಾಲಿನವರೆಗೆ ಬಂತು, ಮಗು ಅದರೊಳಗೆ ಕಾಣಿಸಲೇ ಇಲ್ಲ.

"ಅಮ್ಮ, ಮತ್ತೆ ಶುರು ಮಾಡಿದ್ಯಾ? ಇಷ್ಟೆಲ್ಲಾ ಆದ ಮೇಲೂ ದೊಡ್ಡ ಸೈಜೇ?"

ಸಿದ್ದಗಂಗಮ್ಮ ಮಗುವನ್ನು ಸ್ವೆಟರಿನ ಸಮೇತ ಎತ್ತಿಕೊಂಡು ತೋಳನ್ನು ಒಂದು ಸುತ್ತು ಮಡಚಿದರು, ಇನ್ನೊಂದು ಸುತ್ತು ಮಡಚಿದರು. ಒಳಗಿನಿಂದ ಪುಟ್ಟ ಮುಷ್ಟಿ ಹೊರಗೆ ಬಂದು ಅಜ್ಜಿಯ ಬೆರಳನ್ನು ಹಿಡಿದುಕೊಂಡಿತು.

"ಕೋಣೆ ಬೆಳೆಯಲ್ಲ ಕಣೇ" ಎಂದರು ಸಿದ್ದಗಂಗಮ್ಮ. "ಇವಳು ಬೆಳೀತಾಳೆ."